ಅವ್ವನ ಒಂದು ಕಣ್ಣು

ಮೈದಾ ಹಿಟ್ಟು ಕಾಸಿ ಮಾಡಿದ ಅಂಟು ತೀರ ಹಳೆಯದಾದರೆ ಅದಕ್ಕೊಂದು ವಾಸನೆ ಬರುತ್ತದೆ. ಮುಗ್ಗಿದ ಅಕ್ಕಿಗೂ ಒದ್ದೆ ಗೋಡೆಗೂ ನಡುವಿನ ವಾಸನೆ. ಅಜ್ಜಂಪುರದ ತಮ್ಮನ ಮನೆಯಲ್ಲಿ ಅವನ ಮಗಳು ಒಂದು ಫೋಟೋದ ಚೌಕಟ್ಟನ್ನು ಬೋರಲು ಹಾಕಿ, ತುಕ್ಕು ಹಿಡಿದ ಮೊಳೆಗಳನ್ನು ಇಕ್ಕಳದಿಂದ ಕಿತ್ತು, ಹಿಂದಿನ ಹಲಗೆಯನ್ನು ಎತ್ತಿದಾಗ ಆ ವಾಸನೆ ನಡುಮನೆಯಲ್ಲಿ ಹರಡಿತು. ನಾನು ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಗಾಳಿ ಬೇಕು ಎಂದು ಹೇಳಿದೆ. ನಿಜವಾಗಿ ನನಗೆ ಹೆದರಿಕೆಯಾಗಿತ್ತು.

ಹಿಂದಿನ ದಿನ ತಮ್ಮ ನಾನಿರುವ ಕಡೂರಿಗೆ ಫೋನು ಮಾಡಿದ್ದ. ನಾನು ಬೆಳಗಿನ ಕೆಲಸ ಮುಗಿಸಿ ಸೀರೆ ಮಡಿಸುತ್ತಿದ್ದೆ. ಸುಣ್ಣ ಬಣ್ಣ ಮಾಡಿಸಲು ಗೋಡೆಯ ಫೋಟೋಗಳನ್ನೆಲ್ಲ ಇಳಿಸಿದ್ದರಂತೆ.

"ಅಕ್ಕ, ಅವ್ವನ ಒಂದು ಕಣ್ಣು ಜಾಗ ಬಿಟ್ಬಿಟ್ಟೈತೆ," ಎಂದ.

ಅವ್ವ ತೀರಿಕೊಂಡು ಅರ್ಧ ಶತಮಾನಕ್ಕೂ ಮೇಲಾಯಿತು. ಅವನು ಹೇಳಿದ್ದು ಫೋಟೋದ ಮಾತು ಎಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು. ಸೀರೆಯ ಅಂಚು ತಪ್ಪಿತ್ತು. ಬಿಡಿಸಿ ಮತ್ತೆ ಮೊದಲಿನಿಂದ ಮಡಿಸಿದೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಈಗಲೂ ಅಲಾರಂ ಇಲ್ಲದೆ ಐದಕ್ಕೆ ಏಳುತ್ತೇನೆ, ಹಾಸಿಗೆಯ ಮೂಲೆಗಳನ್ನು ವಾರ್ಡಿನ ಮಂಚದ ಹಾಗೆ ಮಡಿಸಿ ಸಿಕ್ಕಿಸುತ್ತೇನೆ. ಹೆಣಕ್ಕೆ ಹೆದರಿದವಳಲ್ಲ. ಸತ್ತವರ ಕಣ್ಣು ಮುಚ್ಚುವುದು ನನ್ನ ಕೆಲಸದಲ್ಲೇ ಸೇರಿತ್ತು. ಹೊಸದಾಗಿ ಬಂದ ಹುಡುಗಿಯರು ಹಿಂದೆ ಸರಿದರೆ ನಾನೇ ಮುಂದೆ ಹೋಗಿ, ಎರಡು ಬೆರಳಿನಿಂದ ರೆಪ್ಪೆ ಇಳಿಸಿ, ಒದ್ದೆ ಹತ್ತಿ ಇಟ್ಟು ಬರುತ್ತಿದ್ದೆ. ಆದರೆ ಒಂದು ಜೊತೆ ಕಣ್ಣಿಗೆ ಮಾತ್ರ ಜನ್ಮವಿಡೀ ಹೆದರಿದೆ. ಅಜ್ಜಂಪುರದ ಗೋಡೆಯ ಮೇಲಿದ್ದ ಆ ಫೋಟೋದ ಕಣ್ಣುಗಳಿಗೆ.

ಅದನ್ನು ಹೇಳಬೇಕಾದರೆ ಅಪ್ಪನ ಸೋಮವಾರದಿಂದ ಶುರು ಮಾಡಬೇಕು.

ಅಪ್ಪನಿಗೆ ಊರ ಹೊರಗೆ ತೆಂಗಿನ ತೋಟ, ಒಂದಷ್ಟು ಬೆದ್ದಲು ಹೊಲ ಇದ್ದವು. ಅವನದು ಎಲ್ಲದಕ್ಕೂ ಕಟ್ಟುಪಾಡು. ಏಳುವುದು, ಮೀಯುವುದು, ಲಿಂಗಪೂಜೆ, ಊಟ, ಯಾವುದೂ ಹೊತ್ತು ಮೀರುವಂತಿರಲಿಲ್ಲ. ನನ್ನ ಶಿಸ್ತನ್ನು ನರ್ಸಿಂಗ್ ಶಾಲೆ ಕಲಿಸಿತು ಎಂದು ಜನ ತಿಳಿದಿದ್ದಾರೆ. ಅಲ್ಲಿಗೆ ಹೋಗುವ ಮೊದಲೇ ನಾನು ಅರ್ಧ ತಯಾರಾಗಿದ್ದೆ. ಅಪ್ಪನ ಕಟ್ಟುಪಾಡುಗಳಲ್ಲಿ ಒಂದು, ವರ್ಷಕ್ಕೊಮ್ಮೆ ಫೋಟೋ. ಕೊಬ್ಬರಿ ಮಾರಿ ಮುಗಿದ ಮೇಲೆ ಬರುವ ಮೊದಲ ಸೋಮವಾರ ಮನೆಮಂದಿಯೆಲ್ಲ ಬಸ್ಸು ಹತ್ತಿ ತರೀಕೆರೆಗೆ ಹೋಗಬೇಕು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹಾಗಾಗಿ ಅಪ್ಪನಿಗೆ ಬಿಡುವಿದ್ದದ್ದು ಆ ದಿನವೇ.

ತರೀಕೆರೆಯ ಸ್ಟುಡಿಯೋದಲ್ಲಿ ಒಂದು ಪರದೆ ಇತ್ತು. ಅದರ ಮೇಲೆ ಅರಮನೆಯ ಮೆಟ್ಟಿಲು, ಕೊಳ, ಹಂಸ. ಮುಂದೆ ಕೈಯಿರುವ ಕುರ್ಚಿ, ಅದು ಅಪ್ಪನದು. ಪಕ್ಕದ ಸ್ಟೂಲು ಅವ್ವನದು. ನಡುವೆ ನಾನು. ಎದುರಿಗೆ ಮೂರು ಕಾಲಿನ ಮೇಲೆ, ಒಂದೊಂದು ಫೋಟೋಗೂ ಒಂದೊಂದು ಪ್ಲೇಟು ಹಾಕುವ ಕ್ಯಾಮೆರಾ. ಫೋಟೋದವನು ತಲೆಯ ಮೇಲೆ ಕರಿಯ ಬಟ್ಟೆ ಹೊದ್ದು ಅದರೊಳಗೆ ಮಾಯವಾಗಿಬಿಡುತ್ತಿದ್ದ. ಆಮೇಲೆ ಹೊರಗೆ ಬಂದು, ಫೋಟೋ ಹಿಡಿಯಲು ಕ್ಯಾಮೆರಾದ ಕೊಳವೆಗೆ ಜೋಡಿಸಿದ್ದ ರಬ್ಬರ್ ಚೆಂಡು ಅದುಮುತ್ತಿದ್ದ. ಅವನು ಅದುಮುವ ಕ್ಷಣಕ್ಕೆ ಸರಿಯಾಗಿ ಅವ್ವ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು.

"ಕಣ್ಣು ಬಿಡ್ರಮ್ಮ. ಇದ್ರೊಳಗೇನು ಹುಲಿ ಇಟ್ಟಿಲ್ಲ ನಾನು," ಎನ್ನುತ್ತಿದ್ದ ಅವನು.

"ಬಿಡೇ ಕಣ್ಣು. ಪ್ಲೇಟು ದಂಡ ಆಯ್ತದೆ," ಎಂದು ಅಪ್ಪ ಕುತ್ತಿಗೆ ತಿರುಗಿಸದೆ ಗದರುತ್ತಿದ್ದ.

ಅವ್ವ ಕಣ್ಣು ಬಿಡುತ್ತಿದ್ದಳು. ತಲೆಯಾಡಿಸುತ್ತಿದ್ದಳು. ಚೆಂಡು ಅದುಮುವ ಹೊತ್ತಿಗೆ ಮತ್ತೆ ಮುಚ್ಚುತ್ತಿದ್ದಳು. ಎಷ್ಟು ಬಿಗಿಯಾಗಿ ಎಂದರೆ ಹುಬ್ಬು ಗಂಟಾಗಿ, ಮೂಗಿನ ಬದಿಯಲ್ಲಿ ಸುಕ್ಕು ಬೀಳುತ್ತಿತ್ತು. ಹಿಟ್ಟು ಬೀಸುವಾಗ, ಬಾವಿಯಿಂದ ನೀರು ಸೇದುವಾಗ ಅಂಜಿದವಳಲ್ಲ. ಒಮ್ಮೆ ಕೊಟ್ಟಿಗೆಗೆ ಬಂದ ನಾಗರಹಾವನ್ನು ದೊಣ್ಣೆ ಕುಟ್ಟಿ ಓಡಿಸಿದ್ದವಳು. ಆ ಪೆಟ್ಟಿಗೆಯ ಮುಂದೆ ಮಾತ್ರ ಅವಳ ಕೈ ನನ್ನ ಅಂಗಿಯನ್ನು ಮುದುಡಿ ಹಿಡಿಯುತ್ತಿತ್ತು. ಆ ಕೈ ನನ್ನ ಬೆನ್ನ ಮೇಲಿರುತ್ತಿದ್ದುದರಿಂದ ನನಗೆ ಗೊತ್ತು.

ಯಾಕೆ ಎಂದು ಒಂದು ಸಲ ಕೇಳಿದೆ. ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ.

"ನಿಮ್ಮಣ್ಣನ್ನ ಅದ್ರೊಳಕ್ಕೆ ಹಾಕ್ಕೊಂಬಿಟ್ರು," ಎಂದಳು ಅವ್ವ, ಕಿಟಕಿಯ ಕಡೆ ನೋಡುತ್ತ.

"ಯಾರವ್ವ?"

"ಆ ಕರೇ ಬಟ್ಟೆಯೊಳಗೆ ಹೋಯ್ತಾನಲ್ಲ, ಅವ್ನು. ಮಗ ಪಿಳಿಪಿಳಿ ನೋಡ್ತಿತ್ತು. ಕಣ್ಣಿನಿಂದ್ಲೇ ಎಳ್ಕೊಂಬಿಟ್ರು. ನೀನು ಮುಚ್ಕೋಬೇಕು ಕಣೇ, ತಿಳೀತಾ?"

ನನಗಿಂತ ಮೊದಲು ಒಂದು ಗಂಡು ಮಗು ಹುಟ್ಟಿತ್ತು. ಅದಕ್ಕೆ ವರ್ಷ ತುಂಬಿದಾಗ ಅಪ್ಪ ತರೀಕೆರೆಗೆ ಒಯ್ದು ಫೋಟೋ ತೆಗೆಸಿದ್ದ. ತಿಂಗಳು ತುಂಬುವುದರೊಳಗೆ ಮಗು ಜ್ವರ ಬಂದು ತೀರಿಕೊಂಡಿತು. ಅವ್ವನ ಲೆಕ್ಕದಲ್ಲಿ ಜ್ವರ ಒಂದು ನೆಪ.

ಅಪ್ಪನ ಲೆಕ್ಕವೇ ಬೇರೆ. ಆ ಒಂದು ಫೋಟೋವನ್ನು ಅವನು ಟ್ರಂಕಿನಲ್ಲಿ ಪಂಚೆಗಳ ಕೆಳಗೆ ಇಟ್ಟಿದ್ದ. ಗೋಡೆಗೆ ಹಾಕಲು ಅವ್ವ ಬಿಟ್ಟಿರಲಿಲ್ಲ. ಒಂದು ದಿನ ಅದನ್ನು ತೆಗೆದು ನೋಡುತ್ತಿದ್ದಾಗ ನಾನು ಹೋಗಿ ಪಕ್ಕದಲ್ಲಿ ಕೂತೆ. "ಇದೊಂದು ಇಲ್ದಿದ್ರೆ ಇವನ ಮುಖ ನಂಗೆ ಮರ್ತೇ ಹೋಗಿರೋದು ತಾಯಿ," ಎಂದ. ಅಪ್ಪನೂ ಹೆದರುತ್ತಾನೆ ಎಂದು ನನಗೆ ಆ ದಿನ ತಿಳಿಯಿತು. ವರ್ಷ ವರ್ಷವೂ ನಮ್ಮನ್ನು ಹೊರಡಿಸಿಕೊಂಡು ಹೋಗುತ್ತಿದ್ದದ್ದು ಆ ಹೆದರಿಕೆಯೇ. ಆ ಫೋಟೋಗಳೆಲ್ಲ ಈಗಲೂ ತಮ್ಮನ ಮನೆಯಲ್ಲಿವೆ. ಎಲ್ಲದರಲ್ಲೂ ಅಪ್ಪ ರೆಪ್ಪೆ ಬಡಿಯದೆ ನೋಡುತ್ತಿದ್ದಾನೆ, ಅವ್ವ ಕಣ್ಣು ಬಿಗಿದುಕೊಂಡಿದ್ದಾಳೆ. ನಡುವಿನ ಹುಡುಗಿಗೆ ಯಾರ ಮಾತು ಕೇಳಬೇಕೋ ತಿಳಿದಿಲ್ಲ. ಒಂದು ವರ್ಷದ ಫೋಟೋದಲ್ಲಿ ನಾನು ಒಂದು ಕಣ್ಣು ಬಿಟ್ಟು ಒಂದು ಮುಚ್ಚಿದ್ದೇನೆ. ಅಪ್ಪನಿಗೆ ಒಂದು, ಅವ್ವನಿಗೆ ಒಂದು. ಅದನ್ನು ನೋಡಿ ಅಪ್ಪನಿಗೆ ನಗು ಬಂದಿತ್ತು. ಅವ್ವ ನಗಲಿಲ್ಲ. ಬಿಟ್ಟಿರುವ ಕಣ್ಣಿನ ಕಡೆಗೇ ಬಹಳ ಹೊತ್ತು ನೋಡಿದಳು. ಆ ತಿಂಗಳೆಲ್ಲ ರಾತ್ರಿ ಮಲಗುವ ಮುಂಚೆ ನನ್ನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು...

ತಮ್ಮ ಹುಟ್ಟಿದ ಮೇಲೆ ಅವನೂ ಫೋಟೋಗೆ ಸೇರಿದ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚೆಂಡು ಅದುಮುವಾಗ ಅವ್ವ ತನ್ನ ಕಣ್ಣು ಮುಚ್ಚುವುದಲ್ಲದೆ ಅಂಗೈಯಿಂದ ಅವನ ಕಣ್ಣನ್ನೂ ಮುಚ್ಚಿಬಿಡುತ್ತಿದ್ದಳು. ಫೋಟೋದವನು ಸೋತು, "ಬಿಡಿ ಯಜಮಾನ್ರೇ, ಈ ಮನೇಲಿ ನಿಮಗೊಬ್ರಿಗೇ ಫೋಟೋ ಯೋಗ," ಎಂದಿದ್ದ.

ಅವ್ವನಿಗೆ ಕಾಮಾಲೆಯಾದದ್ದು ಅಂಥ ಒಂದು ಸೋಮವಾರದ ನಂತರ. ನಾನು ಆಗ ಹೈಸ್ಕೂಲು, ತಮ್ಮನಿಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಅವಳು ಹಾಸಿಗೆ ಹಿಡಿದಿರುವಾಗಲೇ ತರೀಕೆರೆಯಿಂದ ಆ ವರ್ಷದ ಫೋಟೋ ಬಂತು. ನಾನು ಲಕೋಟೆಯನ್ನು ಕಸಿದುಕೊಂಡು ಹಿತ್ತಲಿಗೆ ಓಡಿ, ಮೊದಲು ನೋಡಿದ್ದು ಅವಳ ಕಣ್ಣು. ಮುಚ್ಚಿದ್ದವು. ಹಾಗಾದರೆ ಅವಳಿಗೆ ಏನೂ ಆಗುವುದಿಲ್ಲ ಎಂದು ಧೈರ್ಯ ತಂದುಕೊಂಡೆ. ಒಳಗೆ ಬಂದು ಅವಳ ಕಿವಿಯಲ್ಲಿ ಹಾಗೆಂದು ಹೇಳಿದೆ ಕೂಡ. ಅವಳು ನನ್ನ ಕೈ ಹಿಡಿದುಕೊಂಡಳು. ವಾರ ಕಳೆಯಲಿಲ್ಲ...

ನಮ್ಮವರಲ್ಲಿ ಹೋದವರನ್ನು ಮಲಗಿಸಿ ಕಳಿಸುವುದಿಲ್ಲ. ಮೀಯಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಅವ್ವನನ್ನು ನಡುಮನೆಯಲ್ಲಿ ಕೂರಿಸಿದ್ದರು. ತಲೆ ವಾಲದಂತೆ ಬಟ್ಟೆಯಿಂದ ಹಿಂದಕ್ಕೆ ಬಿಗಿದು, ಅದು ಕಾಣದ ಹಾಗೆ ಸೆರಗು ಹೊದಿಸಿದ್ದರು. ಮಠದಿಂದ ಬಂದವರು ಭಜನೆ ಮಾಡುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಆ ಮೂರು ಕಾಲಿನ ಪೆಟ್ಟಿಗೆ ಕಂಡಿತು. ಅಪ್ಪ ಬೆಳಗಾಗುತ್ತಲೇ ತರೀಕೆರೆಗೆ ಆಳು ಕಳಿಸಿದ್ದ.

ಪಕ್ಕದ ಮನೆಯ ಅಜ್ಜಿ ಸುಮ್ಮನಿರಲಿಲ್ಲ. "ಬದುಕಿರೋವಾಗ ಬ್ಯಾಡ ಬ್ಯಾಡ ಅಂತಿದ್ಲಲ್ಲಪ್ಪ. ಈಗ ಯಾಕೆ?"

"ಇನ್ನು ಬ್ಯಾಡ ಅನ್ನಾಕೆ ಅವಳೆಲ್ಲವ್ಳೆ ಅಜ್ಜಿ?" ಎಂದ ಅಪ್ಪ.

ಫೋಟೋದವನು ಆ ದಿನ ಹುಲಿಯ ಮಾತು ಆಡಲಿಲ್ಲ. ಬಟ್ಟೆಯೊಳಗೆ ಹೋದ, ಬಂದ, ಚೆಂಡು ಅದುಮಿದ. ಒಂದೇ ಪ್ಲೇಟಿಗೆ ಮುಗಿಯಿತು. ಹೊರಡುವಾಗ ಅಪ್ಪ ಅವನನ್ನು ಜಗಲಿಯ ಆಚೆ ಕರೆದು ಏನೋ ಹೇಳಿದ. ಅದೇನೆಂದು ಫೋಟೋ ಬಂದಾಗ ಗೊತ್ತಾಯಿತು. ದೊಡ್ಡದು, ಚೌಕಟ್ಟು ಹಾಕಿದ್ದು. ಅಪ್ಪ ಸುತ್ತಿದ್ದ ಪತ್ರಿಕೆ ಬಿಚ್ಚಿ ಗೋಡೆಗೆ ಒರಗಿಸಿ ಇಟ್ಟ.

ಅವ್ವ ಕಣ್ಣು ಬಿಟ್ಟಿದ್ದಳು.

ಆಗಿನ ಸ್ಟುಡಿಯೋಗಳಲ್ಲಿ ಅದು ಮಾಮೂಲಿ ಕೆಲಸವಂತೆ. ಸತ್ತವರ ಫೋಟೋದ ಮೇಲೆ ಸಣ್ಣ ಕುಂಚದಿಂದ ಕಣ್ಣು ಬರೆದುಕೊಡುತ್ತಿದ್ದರು. ನನಗೆ ಅದೆಲ್ಲ ಎಲ್ಲಿ ಗೊತ್ತು? ನನಗೆ ಗೊತ್ತಿದ್ದದ್ದು ಅವ್ವ ಬಸ್ಸಿನಲ್ಲಿ ಹೇಳಿದ್ದು ಮಾತ್ರ. ಕಣ್ಣು ಬಿಟ್ಟರೆ ಎಳೆದುಕೊಳ್ಳುತ್ತಾರೆ. ಇಷ್ಟು ವರ್ಷ ಮುಚ್ಚಿಕೊಂಡು ತಪ್ಪಿಸಿಕೊಂಡವಳನ್ನು ಕೊನೆಗೂ ಒಳಕ್ಕೆ ಹಾಕಿಕೊಂಡುಬಿಟ್ಟರು. ಅವಳು ತೋಟದ ಮಣ್ಣಿನಲ್ಲಿ ಇಲ್ಲ, ಈ ಗಾಜಿನ ಹಿಂದೆ ಇದ್ದಾಳೆ, ಹೊರಗೆ ಬರಲಾಗದೆ ನನ್ನನ್ನೇ ನೋಡುತ್ತಿದ್ದಾಳೆ. ಅಗಲವಾದ ಕಣ್ಣು, ತುಸು ಮೇಲಕ್ಕೆ ನೋಟ, ಎರಡೂ ಪಾಪೆಯಲ್ಲಿ ಬಿಳಿಯ ಚುಕ್ಕೆ. ನಡುಮನೆಯ ಯಾವ ಮೂಲೆಗೆ ಹೋದರೂ ಅವು ಜೊತೆಗೆ ಬರುತ್ತಿದ್ದವು. ಅಡುಗೆಮನೆಗೆ ಹೋಗಲು ನಡುಮನೆ ದಾಟಲೇಬೇಕು. ನಾನು ಗೋಡೆ ಸವರಿಕೊಂಡು ಕಣ್ಣು ಮುಚ್ಚಿ ದಾಟುತ್ತಿದ್ದೆ. ಅನ್ನದ ಪಾತ್ರೆ ಹಿಡಿದುಕೊಂಡು ಹೊಸ್ತಿಲು ಎಡವಿ ಬಿದ್ದದ್ದೂ ಉಂಟು. ಯಾಕೆ ಬಿದ್ದೆ ಎಂದು ಅಪ್ಪನಿಗೆ ಹೇಳಲಿಲ್ಲ.

ತಮ್ಮನಿಗೆ ಮಾತ್ರ ಅದೇ ಆಟ. ನಡುಮನೆಯಲ್ಲಿ ಈ ಕಡೆಯಿಂದ ಆ ಕಡೆಗೆ ಓಡುವುದು, ನಿಂತು ತಲೆಯೆತ್ತಿ ನೋಡುವುದು, "ಅವ್ವ ನೋಡ್ತು, ಅವ್ವ ನೋಡ್ತು" ಎಂದು ಚಪ್ಪಾಳೆ ತಟ್ಟುವುದು. ನಾನು ಹೊಡೆದರೆ ನೇರ ಫೋಟೋದ ಕೆಳಗೆ ಹೋಗಿ ದೂರು ಹೇಳುವುದು. "ಅವ್ವ, ಅಕ್ಕ ಹೊಡೆದ್ಲು. ನೀನು ನೋಡ್ದೆ ಅಲ್ವಾ?" ಅವಳು ನೋಡಿದ್ದಾಳೆ ಎಂಬುದರಲ್ಲಿ ನನಗೂ ಅನುಮಾನ ಇರಲಿಲ್ಲ.

ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದಾಗ, ಮಗಳಿಗೆ ಸೇವೆಯ ಮನಸ್ಸಿದೆ ಎಂದು ಅಪ್ಪ ಊರಲ್ಲೆಲ್ಲ ಹೇಳಿಕೊಂಡ. ನನಗೆ ಬೇಕಾಗಿದ್ದದ್ದು ಹಾಸ್ಟೆಲ್. ಗಂಟೆಗೆ ಏಳುವುದು, ಗಂಟೆಗೆ ಮಲಗುವುದು, ಗೋಡೆಯ ಮೇಲೆ ವೇಳಾಪಟ್ಟಿ ಬಿಟ್ಟರೆ ಬೇರೇನೂ ಇಲ್ಲದ ಕೋಣೆ.

ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ ಒಂದು ಸಲ ನಾನೂ ತಮ್ಮನೂ ದೇವನೂರಿನ ಕಡೆ ಒಬ್ಬರ ಮನೆಗೆ ಅವನ ಮದುವೆಯ ಮಾತಿಗೆ ಹೋಗಿದ್ದೆವು. ಅವರು ದಿನಸಿ ವ್ಯಾಪಾರದವರು. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿದರು. ತಲೆಯೆತ್ತಿದೆ. ಎದುರು ಗೋಡೆಯ ಮೇಲೆ ಆ ಮನೆಯ ಹಿರಿಯರ ಫೋಟೋ. ಕೂತ ಭಂಗಿ, ಹಣೆಯ ತುಂಬ ವಿಭೂತಿ, ದಪ್ಪ ಮೀಸೆ. ಮೀಸೆಯ ಮೇಲೆ ನಮ್ಮ ಅವ್ವನ ಕಣ್ಣು. ಅದೇ ಅಗಲ, ಅದೇ ನೋಟ, ಅದೇ ಬಿಳಿಯ ಚುಕ್ಕೆ.

ತಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದ. "ಅಕ್ಕ, ಈ ತಾತಂಗೆ ನಮ್ಮವ್ವನ ಕಣ್ಣು ಕಣೇ." ನಗು ತಡೆಯಲಾಗದೆ ಕೆಮ್ಮಿದ. ಆ ಮನೆಯವರು ನೀರು ತಂದುಕೊಟ್ಟರು.

ನಾನೂ ನಗಬೇಕಿತ್ತು. ಕುಂಚದವನಿಗೆ ಬರುತ್ತಿದ್ದದ್ದು ಒಂದೇ ಬಗೆಯ ಕಣ್ಣು, ಗಂಡಿಗೂ ಹೆಣ್ಣಿಗೂ ಅದನ್ನೇ ಬರೆದಿದ್ದ, ಅಷ್ಟೇ. ಹಳೆಯ ಹೆದರಿಕೆಗೆ ಅಲ್ಲೇ ಮುಕ್ತಾಯ ಆಗಬೇಕಿತ್ತು. ಆದರೆ ಬರುವಾಗ ಬಸ್ಸಿನಲ್ಲಿ ಇನ್ನೊಂದು ಹೆದರಿಕೆ ಹತ್ತಿರ ಬಂದು ಕೂತಿತು. ಆ ಕಣ್ಣು ಅವ್ವನದಲ್ಲ ಸರಿ. ಹಾಗಾದರೆ ಅವ್ವನದು ಹೇಗಿತ್ತು? ನೆನಪಿಸಿಕೊಳ್ಳಲು ನೋಡಿದೆ. ಒಲೆಯ ಮುಂದೆ ಕೂತ ಅವ್ವ ತಲೆಯೆತ್ತುತ್ತಾಳೆ. ಬಾವಿಕಟ್ಟೆಯಿಂದ ಕೊಡ ಹೊತ್ತು ತಿರುಗುತ್ತಾಳೆ. ಪ್ರತಿ ಸಲವೂ ಅವಳ ಮುಖದಲ್ಲಿ ಬಿಳಿಯ ಚುಕ್ಕೆಯ ಆ ಕಣ್ಣೇ ಇರುತ್ತಿತ್ತು...

ಇದು ನನ್ನೊಬ್ಬಳದೇ ಅವಸ್ಥೆ ಎಂದುಕೊಂಡಿದ್ದೆ. ಅಪ್ಪ ಮುದುಕನಾಗಿ, ಎರಡೂ ಕಣ್ಣಿಗೆ ಪೊರೆ ಬಂದು, ಆಪರೇಷನ್ ಬೇಡವೆಂದು ಹಟ ಹಿಡಿದಿದ್ದ ಕಾಲ. ರಜೆಯ ಮೇಲೆ ಅಜ್ಜಂಪುರಕ್ಕೆ ಹೋಗಿದ್ದೆ. ಸಂಜೆ ಜಗಲಿಯ ಮೇಲೆ ಅವನ ಉಗುರು ತೆಗೆಯುತ್ತಿದ್ದೆ.

"ತಾಯಿ, ನಿಮ್ಮವ್ವನ ಕಣ್ಣು ಹೆಂಗಿದ್ವು ಹೇಳು," ಎಂದ.

"ದೊಡ್ಡವು ಅಪ್ಪ. ಸ್ವಲ್ಪ ಮೇಲಕ್ಕೆ ನೋಡಿದಂಗೆ..."

ಅಪ್ಪ ಬೆರಳು ಹಿಂದಕ್ಕೆ ಎಳೆದುಕೊಂಡ. "ಅದು ಆ ಪೇಂಟರ್ ಬರ್ದಿದ್ದು ಕಣವ್ವ. ನಾನು ಕೇಳಿದ್ದು ಅವಳದು."

ನಾನು ಉಗುರುಕತ್ತರಿ ಕೆಳಗಿಟ್ಟೆ. ಅವನೇ ಮಾತು ಮುಂದುವರಿಸಿದ. "ಮರ್ತು ಹೋಯ್ತದೆ ಅಂತಾನೇ ಬರೆಸ್ದೆ. ಬರೆಸಿದ್ದಕ್ಕೇ ಮರ್ತು ಹೋಯ್ತು ನೋಡು." ಆಮೇಲೆ ಬೆರಳು ಮುಂದೆ ಚಾಚಿದ. ಉಳಿದ ಉಗುರು ತೆಗೆದೆ. ಕತ್ತಲಾಗುತ್ತಿತ್ತು. ನಾವಿಬ್ಬರೂ ಒಳಗೆ ಹೋಗದೆ ಅಲ್ಲೇ ಕೂತಿದ್ದೆವು.

ಅಪ್ಪ ಹೋದಾಗ ಅವನ ಕಣ್ಣನ್ನು ನಾನೇ ಮುಚ್ಚಿದೆ. ಫೋಟೋದವನನ್ನು ಕರೆಸುವ ಪ್ರಶ್ನೆ ಬರಲಿಲ್ಲ. ಕಣ್ಣು ಬಿಟ್ಟಿರುವ ಅಪ್ಪ ವರ್ಷಕ್ಕೊಬ್ಬನಂತೆ ಇದ್ದನಲ್ಲ. ಅದರಲ್ಲೊಂದನ್ನು ದೊಡ್ಡದು ಮಾಡಿಸಿ ಅವ್ವನ ಪಕ್ಕಕ್ಕೆ ಹಾಕಿದರು.

ಈಗ ಮತ್ತೆ ಚೌಕಟ್ಟು ಬಿಚ್ಚಿದ ಆ ದಿನಕ್ಕೆ ಬರುತ್ತೇನೆ. ಆಗಿದ್ದು ಇಷ್ಟು. ಮಳೆಗಾಲದಲ್ಲಿ ಗೋಡೆ ಜಿನುಗಿ ಚೌಕಟ್ಟಿನೊಳಗೆ ತೇವ ಸೇರಿತ್ತು. ಬರೆದ ಕಣ್ಣಿನ ಬಣ್ಣ ನೆನೆದು ಗಾಜಿಗೆ ಅಂಟಿಕೊಂಡಿತ್ತು. ಇಳಿಸುವಾಗ ಫೋಟೋ ಒಳಗೇ ಕೆಳಕ್ಕೆ ಜಾರಿತ್ತು, ಆದರೆ ಒಂದು ಕಣ್ಣು ಮಾತ್ರ ಗಾಜಿನ ಜೊತೆ ಇದ್ದ ಜಾಗದಲ್ಲೇ ಉಳಿದು, ಅವ್ವನ ಹುಬ್ಬಿನ ಮೇಲೆ ಕೂತಿತ್ತು. ತಮ್ಮನ ಮಗಳು ಗಾಜನ್ನು ಎತ್ತಿ ಬೆಳಕಿಗೆ ಹಿಡಿದಳು. ಗಾಜಿನ ಮೇಲೆ ಒಂಟಿ ಕಣ್ಣು, ಅದರ ಹಿಂದೆ ಅವಳ ಮುಖ. ನಾನು ಬಾಗಿಲಿನ ಚಿಲಕ ಹಿಡಿದುಕೊಂಡೆ. ಫೋಟೋದಲ್ಲಿ ಆ ಜಾಗದಲ್ಲಿ ಬಿಳಿಯ ಬಣ್ಣದ ಚಕ್ಕೆಗಳು ಉಳಿದಿದ್ದವು. ಕೆಳಗೇನಿದೆ ಎಂದು ಕಾಣುತ್ತಿರಲಿಲ್ಲ. ಇನ್ನೊಂದು ಕಣ್ಣು ಮೊದಲಿನ ಹಾಗೇ ಗಟ್ಟಿಯಾಗಿ ಕೂತು ನನ್ನನ್ನು ನೋಡುತ್ತಿತ್ತು.

"ಅತ್ತೆ, ಇದು ಪೇಂಟ್ ಅಷ್ಟೇ," ಎಂದಳು ಅವಳು. "ತರೀಕೆರೇಲಿ ಕಂಪ್ಯೂಟರ್‌ನಲ್ಲಿ ಸರಿ ಮಾಡ್ತಾರೆ. ಹೊಸ ಫೋಟೋ ತರ ಆಗುತ್ತೆ."

"ಸರಿ ಮಾಡೋದು ಬೇಡ," ಎಂದೆ. "ಉಳಿದಿರೋದನ್ನೂ ಒರೆಸಿಬಿಡೋಣ. ಅವಳು ಇದ್ದ ಹಾಗೆ ಇರಲಿ."

ನಾನು ಹೇಳಿದ ಮೇಲೆ ಆ ಮನೆಯಲ್ಲಿ ಸಾಮಾನ್ಯವಾಗಿ ಮಾತು ಮುಗಿಯುತ್ತದೆ. ಆ ದಿನ ಮುಗಿಯಲಿಲ್ಲ. ತಮ್ಮ ಅರವತ್ತು ದಾಟಿದವನು, ಮೊಮ್ಮಗುವಿನ ಅಜ್ಜ. ಕಂಬಕ್ಕೆ ಒರಗಿ ಕೂತಿದ್ದವನು ನೆಲ ನೋಡುತ್ತಲೇ ಹೇಳಿದ.

"ನಂಗೆ ಅವ್ವ ಅಂದ್ರೆ ಆ ಕಣ್ಣೇ ಅಕ್ಕ. ನಿಂಗಾದ್ರೆ ಬ್ಯಾರೆ ಅವ್ವ ಇದ್ಲು. ಎತ್ಕೊಂಡಿದ್ಲು, ಬೈದಿದ್ಲು. ನಂಗೆ ಯಾರಿದ್ರು? ಒಂದು ಕಣ್ಣು ಹೋಗಿದ್ದಕ್ಕೇ ನಿನ್ನೆಯಿಂದ ಊಟ ಸೇರ್ತಿಲ್ಲ. ನೀನು ಇನ್ನೊಂದೂ ಒರೆಸ್ತೀನಿ ಅಂತೀಯ."

ಅವನು ಓಡಾಡಿ ಚಪ್ಪಾಳೆ ತಟ್ಟುತ್ತಿದ್ದದ್ದು ನನಗೆ ಆಟವಾಗಿ ಕಂಡಿತ್ತು. ಇಷ್ಟು ವರ್ಷ ಹಾಗೇ ತಿಳಿದಿದ್ದೆ. ಮಾತು ಬೆಳೆಸದೆ ಮುಖ ತೊಳೆದುಕೊಂಡು ಬಂದೆ. ಫೋಟೋವನ್ನು ಬಟ್ಟೆಯಲ್ಲಿ ಸುತ್ತಿಸಿ, ಅವನ ಮಗಳನ್ನು ಕರೆದುಕೊಂಡು ತರೀಕೆರೆಯ ಬಸ್ಸು ಹತ್ತಿದೆ. ತಲುಪುವವರೆಗೂ ಅದು ಅವಳ ತೊಡೆಯ ಮೇಲೆ ಬೋರಲಾಗಿತ್ತು. ಬೋರಲು ಹಾಕು ಎಂದು ನಾನೇ ಹೇಳಿದ್ದೆ.

ಹಳೆಯ ಸ್ಟುಡಿಯೋ ಈಗಿಲ್ಲ. ಇದು ಬೇರೆಯದು. ಪರದೆ, ಹಂಸ ಯಾವುದೂ ಇಲ್ಲ. ಒಬ್ಬ ನಡುವಯಸ್ಸಿನವನು ಕಂಪ್ಯೂಟರ್ ಮುಂದೆ ಕೂತಿದ್ದ. ಫೋಟೋದ ಪ್ರತಿ ತೆಗೆದು ತೆರೆಯ ಮೇಲೆ ತಂದ. ಅವ್ವನ ಮುಖ ಗೋಡೆಗಡಿಯಾರಕ್ಕಿಂತ ದೊಡ್ಡದಾಗಿ ಎದುರಿಗೆ ಬಂತು.

"ಈ ಕಡೆ ಕಣ್ಣನ್ನೇ ತಿರುಗಿಸಿ ಆ ಕಡೆ ಹಾಕ್ತೀನಿ ಮೇಡಂ," ಎಂದ. ನೋಡುತ್ತಿದ್ದಂತೆಯೇ ಹಾಕಿದ. ಮತ್ತೆ ಎರಡು ಕಣ್ಣಾದವು. "ಬೇಕಿದ್ರೆ ರೆಪ್ಪೆ ಬ್ಲಿಂಕ್ ಮಾಡೋ ತರ ವಿಡಿಯೋನೂ ಬರುತ್ತೆ. ಈಗ ಎಲ್ರೂ ಮಾಡಿಸ್ತಾರೆ. ತೋರಿಸ್ಲಾ?"

"ಬೇಡ," ಎಂದೆ. ಧ್ವನಿ ಎಷ್ಟು ಜೋರಾಗಿತ್ತೆಂದರೆ ಪಾಸ್‌ಪೋರ್ಟ್ ಫೋಟೋಗೆ ಬಂದು ಕೂತಿದ್ದವರು ತಿರುಗಿ ನೋಡಿದರು. ತಮ್ಮನ ಮಗಳು ನನ್ನ ಮೊಣಕೈ ಹಿಡಿದುಕೊಂಡಳು.

ಹೊಸ ಫೋಟೋ ಚೆನ್ನಾಗಿಯೇ ಬಂತು. ತಮ್ಮನಿಗೆ ಅವನ ಅವ್ವ ಸಿಕ್ಕಳು. ಹಳೆಯದನ್ನು ಏನು ಮಾಡಲಿ ಎಂದು ಸ್ಟುಡಿಯೋದವನು ಕೇಳಿದಾಗ ನನ್ನ ಕೈಗೆ ಕೊಡಿ ಎಂದೆ. ಬಣ್ಣವನ್ನು ಒರೆಸಬಹುದೇ ಎಂದೂ ಕೇಳಿದೆ.

ಅವನು ಫೋಟೋವನ್ನು ಓರೆಯಾಗಿ ಹಿಡಿದು ನೋಡಿದ. "ಒರೆಸ್ಬಹುದು ಮೇಡಂ. ಆದ್ರೆ ನೀರು ಜಾಸ್ತಿ ಆದ್ರೆ ಬಣ್ಣದ ಜೊತೆ ಫೋಟೋನೇ ಎದ್ದು ಬರುತ್ತೆ. ಕೆಳಗೆ ರೆಪ್ಪೆ ಉಳಿದಿದ್ಯೋ ಇಲ್ವೋ, ಅದನ್ನೂ ಹೇಳಕ್ಕಾಗಲ್ಲ."

ಕಡೂರಿಗೆ ತಂದವಳು ಅದನ್ನು ಬಟ್ಟೆ ಬಿಚ್ಚದೆ ಬೀರುವಿನ ಮೇಲೆ ಇಟ್ಟೆ. ಕೆಲವು ದಿನ ಮುಟ್ಟಲಿಲ್ಲ. ಒರೆಸಿದರೆ ಕೆಳಗೆ ಏನೂ ಇಲ್ಲದೆ ಬರಿಯ ಕಾಗದ ಕಂಡರೆ? ಅವ್ವನ ಮುಖದಲ್ಲಿ ಎರಡು ತೂತು ನಾನೇ ಮಾಡಿದಂತಾದರೆ? ಹಾಗೇ ಬಿಟ್ಟರೆ ಒಂಟಿ ಕಣ್ಣು ಬಟ್ಟೆಯೊಳಗೆ ತೆರೆದೇ ಇರುತ್ತದೆ. ಅದೂ ನಿದ್ದೆ ಕೊಡುತ್ತಿರಲಿಲ್ಲ. ನನ್ನ ಪಾಲಿಗೆ ಬಂದಿದ್ದರೂ ಅವಳು ತಮ್ಮನಿಗೂ ಅವ್ವ. ಕೇಳದೆ ಮಾಡಲು ಮನಸ್ಸು ಒಪ್ಪಲಿಲ್ಲ. ಒಂದು ಬೆಳಿಗ್ಗೆ ಫೋನು ಮಾಡಿದೆ.

ಆ ಕಡೆ ಸುಣ್ಣ ಹೊಡೆಯುವವರ ಏಣಿ ಎಳೆದ ಸದ್ದು ಕೇಳುತ್ತಿತ್ತು.

"ಒರೆಸು ಅಕ್ಕ," ಎಂದ. "ನಂಗೆ ಮಾತ್ರ ತೋರಿಸ್ಬ್ಯಾಡ."

ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡೆ. ಕೈ ತೊಳೆದೆ. ಬಿಳಿಯ ಬಟ್ಟೆ ಹಾಸಿ, ಬಟ್ಟಲಲ್ಲಿ ನೀರು, ಹತ್ತಿ, ತೆಳುವಾದ ಹಳೆಯ ಮಲ್ಲು ಬಟ್ಟೆಯ ತುಂಡು, ಎಲ್ಲವನ್ನೂ ಅಭ್ಯಾಸದ ಪ್ರಕಾರ ಬಲಗಡೆ ಸಾಲಾಗಿ ಇಟ್ಟೆ. ಹತ್ತಿಯನ್ನು ಅದ್ದಿ ಪೂರ್ತಿ ಹಿಂಡಿದೆ. ಮೊದಲು ಚಕ್ಕೆ ಎದ್ದ ಕಡೆ ಮುಟ್ಟಿದೆ. ಬಿಳಿಯ ಪುಡಿ ಹತ್ತಿಗೆ ಬಂತು. ಆಮೇಲೆ ತೆರೆದ ಕಣ್ಣು. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡು, ಮೇಲಿನಿಂದ ಕೆಳಕ್ಕೆ, ರೆಪ್ಪೆ ಇಳಿಸುವ ಹಾಗೆಯೇ ಸವರಿದೆ. ಬಿಳಿಯ ಚುಕ್ಕೆ ಹೋಯಿತು. ಪಾಪೆ ಕರಗಿ ಕರಿನೀರಾಯಿತು. ಮಲ್ಲಿನಿಂದ ಒತ್ತಿ ತೆಗೆದೆ. ಮತ್ತೆ ಸವರಿದೆ.

ರೆಪ್ಪೆಗಳು ಇದ್ದವು. ಒಂದರ ಅಂಚು ಸ್ವಲ್ಪ ಮಾಸಿತ್ತು. ಅದೊಂದು ಬಿಟ್ಟರೆ ಎರಡೂ ಇದ್ದವು.

ನಾನು ಬಹಳ ಹೊತ್ತು ನೋಡಿದೆ. ಮೊದಲು ಏನು ಬೇರೆಯಾಗಿದೆ ಎಂದು ತಿಳಿಯಲಿಲ್ಲ. ತಮ್ಮನ ಮಗಳು ಫೋನಿಗೆ ಕಳಿಸಿದ್ದ ಹಳೆಯ ವರ್ಷಗಳ ಫೋಟೋಗಳನ್ನು ತೆಗೆದು ಪಕ್ಕದಲ್ಲಿ ಹಿಡಿದೆ. ಅವೆಲ್ಲದರಲ್ಲೂ ಅವ್ವ ಕಣ್ಣು ಬಿಗಿದುಕೊಂಡಿದ್ದಾಳೆ, ಹುಬ್ಬು ಗಂಟಾಗಿದೆ, ಮೂಗಿನ ಬದಿಯಲ್ಲಿ ಸುಕ್ಕು ಇದೆ. ಇದರಲ್ಲಿ ಹುಬ್ಬು ಬಿಡಿಸಿಕೊಂಡಿದೆ. ರೆಪ್ಪೆಗಳು ಬಿಗಿಯಿಲ್ಲದೆ ತಮ್ಮಷ್ಟಕ್ಕೆ ಬಿದ್ದಿವೆ. ಆ ಪೆಟ್ಟಿಗೆಯ ಮುಂದೆ ಅವಳು ಹೆದರದೆ ಕೂತಿದ್ದದ್ದು ಅದೊಂದೇ ಸಲ. ಅಷ್ಟು ಹೊತ್ತಿಗೆ ಅವಳು ಇರಲೇ ಇಲ್ಲ...

ಅವಳ ನಿಜವಾದ ಕಣ್ಣು ಹೇಗಿತ್ತು ಎಂಬುದು ನನಗೆ ಇನ್ನು ಸಿಗುವುದಿಲ್ಲ. ಬಣ್ಣ ಹೋದರೆ ಅದರ ಹಿಂದಿನಿಂದ ನೆನಪು ಮೇಲೆ ಬರಬಹುದು ಎಂದು ಒಂದು ಆಸೆ ಇತ್ತು. ಬರಲಿಲ್ಲ. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ.

ಫೋಟೋವನ್ನು ನನ್ನ ಕೋಣೆಯಲ್ಲಿ, ದೇವರ ಗೂಡಿನ ಪಕ್ಕದ ಗೋಡೆಗೆ ಹಾಕಿದ್ದೇನೆ. ತಮ್ಮ ಕಡೂರಿಗೆ ಬರುವ ದಿನ ಅದರ ಮೇಲೆ ಒಂದು ಟವೆಲ್ ಇಳಿಬಿಡುತ್ತೇನೆ. ಅವನು ಟವೆಲಿನ ಕಡೆ ಒಮ್ಮೆ ನೋಡಿ ಊರಿನ ಸುದ್ದಿ ತೆಗೆಯುತ್ತಾನೆ. ಬೆಳಿಗ್ಗೆ ಐದಕ್ಕೆ ಎದ್ದು ದೀಪ ಹಚ್ಚಲು ಆ ಗೋಡೆಯ ಮುಂದೆ ಹೋಗುವಾಗ ಈಗಲೂ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೈ ಗೋಡೆ ಸವರುತ್ತದೆ. ನಾಲ್ಕು ಹೆಜ್ಜೆ ನಡೆದ ಮೇಲೆ ನೆನಪಾಗುತ್ತದೆ, ಅಲ್ಲಿಂದ ನನ್ನನ್ನು ಈಗ ಯಾರೂ ನೋಡುತ್ತಿಲ್ಲ.